ಹಂಬೋಲ್ಟ್ ಎಂಬ ಊರು ಮತ್ತು ಅದರ ಹುಡುಗರು

ಪ್ರಶ್ನೆ: ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಏಪ್ರಿಲ್ 7ರಂದು ಮೊಮ್ಮಗ ಹಸಿರು ಅಂಗಿ ತೊಟ್ಟು ಶಾಲೆಗೆ ಹೊರಟ. ಹಂಬೋಲ್ಟ್ ಎಂಬ ಊರಿನ ಐಸ್ ಹಾಕಿ ಹುಡುಗರ ನೆನಪಿಗಾಗಿ ಹೀಗೆ ಮಾಡುತ್ತಾರೆಂದು ಮಗಳು ಹೇಳಿದಳು. ಹುಡುಗರ ತಂಡವೊಂದರ ಮೇಲೆ ಒಂದು ಊರಿಗೆ, ಒಂದು ದೇಶಕ್ಕೆ ಇಷ್ಟೊಂದು ಮಮತೆ ಹೇಗೆ ಬಂತು? ಆ ತಂಡ ಈಗಲೂ ಇದೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ಆ ಹುಡುಗರ ತಂಡವಾದ ಹಂಬೋಲ್ಟ್ ಬ್ರಾಂಕೋಸ್‌ನ ಕಥೆಯನ್ನು 2018ರ ಬಸ್ ಅಪಘಾತದಿಂದ ಆರಂಭಿಸುವುದು ರೂಢಿಯಾಗಿದೆ. ಆದರೆ ನೀವು ಕೇಳಿರುವ ಮಮತೆಯ ಮೂಲ ಅದಕ್ಕಿಂತ ಹಿಂದಿನ 48 ವರ್ಷಗಳಲ್ಲಿದೆ.

ಸಸ್ಕಾಚೆವಾನ್ ಪ್ರಾಂತ್ಯದ ಸಾಸ್ಕಟೂನ್ ನಗರದಿಂದ ಪೂರ್ವಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿ, ಗೋಧಿ ಬೆಳೆಯುವ ಬಯಲಿನ ನಡುವೆ ಇರುವ ಈ ಊರಿನ ಜನಸಂಖ್ಯೆ ಆರು ಸಾವಿರದ ಆಸುಪಾಸು. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅವರ ಹೆಸರನ್ನೇ ಹೊತ್ತಿರುವ ಊರಿದು. ಇಲ್ಲಿ 1970ರಲ್ಲಿ ಕಟ್ಟಿದ ತಂಡ ಯಾವ ಧನಿಕನ ಸೊತ್ತೂ ಅಲ್ಲ. ಊರಿನವರೇ ಸೇರಿ, ಲಾಭದ ಆಸೆಯಿಲ್ಲದೆ, ಬಹುಪಾಲು ಸ್ವಯಂಸೇವೆಯಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಜೂನಿಯರ್ ಹಾಕಿ ಎಂದರೆ ಶಾಲೆಯ ಆಟವಲ್ಲ, ಸಂಬಳದ ಆಟವೂ ಅಲ್ಲ. ಸಾಮಾನ್ಯವಾಗಿ 16ರಿಂದ 20ರ ಹರೆಯದ ಹುಡುಗರು, ಮುಂದೆ ವಿಶ್ವವಿದ್ಯಾಲಯದ ತಂಡಕ್ಕೋ ವೃತ್ತಿಪರ ಲೀಗ್‌ಗೋ ಸೇರುವ ಆಸೆಯಿಂದ, ಹೆತ್ತವರನ್ನು ಬಿಟ್ಟು ನೂರಾರು ಮೈಲಿ ದೂರದ ಸಣ್ಣ ಊರಿಗೆ ಬರುತ್ತಾರೆ. ಅಲ್ಲಿ ಅವರು ಇರುವುದು ಹಾಸ್ಟೆಲಿನಲ್ಲಿ ಅಲ್ಲ, ಊರಿನವರ ಮನೆಗಳಲ್ಲಿ. ಇವುಗಳಿಗೆ ಬಿಲೆಟ್ ಮನೆಗಳೆಂದು ಹೆಸರು. ನಮ್ಮ ಹಿರಿಯರ ಕಾಲದ ವಾರಾನ್ನದ ಹುಡುಗರನ್ನು ನೆನೆದರೆ ಇದರ ಸ್ವರೂಪ ಸ್ವಲ್ಪ ಹೊಳೆಯಬಹುದು. ವ್ಯತ್ಯಾಸವೆಂದರೆ ಇಲ್ಲಿ ಹುಡುಗ ಇಡೀ ಋತುವನ್ನು ಒಂದೇ ಮನೆಯಲ್ಲಿ ಕಳೆಯುತ್ತಾನೆ, ಆ ಮನೆಯ ಮಕ್ಕಳಿಗೆ ಅಣ್ಣನಾಗುತ್ತಾನೆ. ಚಳಿಗಾಲದ ಸಂಜೆ ಎಲ್ಗರ್ ಪೀಟರ್ಸನ್ ಅರೀನಾದಲ್ಲಿ ಊರು ನೆರೆಯುವಾಗ ಪ್ರೇಕ್ಷಕರಲ್ಲಿ ಎಷ್ಟೋ ಮಂದಿಗೆ ಮಂಜಿನ ಮೇಲೆ ಆಡುತ್ತಿರುವವನು ಬೆಳಿಗ್ಗೆ ತಮ್ಮ ಅಡುಗೆಮನೆಯಲ್ಲಿ ತಿಂಡಿ ತಿಂದು ಹೋದವನೇ ಆಗಿರುತ್ತಾನೆ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಆಟದಲ್ಲೂ ಈ ತಂಡ ಕಡಿಮೆಯದಲ್ಲ. 2003ರಲ್ಲಿ ಮತ್ತು 2008ರಲ್ಲಿ ಕೆನಡಾದ ಜೂನಿಯರ್ ಎ ದರ್ಜೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಎರಡು ಸಲವೂ ಫೈನಲ್‌ನಲ್ಲಿ ಎದುರಾಳಿ ಕ್ಯಾಮ್ರೋಸ್ ಕೊಡಿಯಾಕ್ಸ್.

2018ರ ಏಪ್ರಿಲ್ 6ರ ಸಂಜೆ, ನಿಪಾವಿನ್ ಊರಿನಲ್ಲಿ ನಡೆಯಬೇಕಿದ್ದ ಪ್ಲೇಆಫ್ ಪಂದ್ಯಕ್ಕೆ ಹೊರಟಿದ್ದ ತಂಡದ ಬಸ್ಸಿನ ಹಾದಿಗೆ, ಹೆದ್ದಾರಿ 35 ಮತ್ತು 335 ಕೂಡುವಲ್ಲಿ, ನಿಲುಗಡೆಯ ಫಲಕವನ್ನು ಮೀರಿ ಬಂದ ಸರಕು ಲಾರಿಯೊಂದು ಅಡ್ಡವಾಯಿತು. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಮಂದಿ ಸತ್ತರು. ಹತ್ತು ಆಟಗಾರರ ಜೊತೆಗೆ ಇಬ್ಬರು ಕೋಚ್‌ಗಳು, ಆಟಗಾರರ ಗಾಯ ನೋಡಿಕೊಳ್ಳುತ್ತಿದ್ದ ತರುಣಿ, ಬಸ್ಸಿನ ಚಾಲಕ, ರೇಡಿಯೊದಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದವರು, ಅಂಕಿಅಂಶ ಬರೆದಿಡುತ್ತಿದ್ದ ಹದಿನೆಂಟರ ಸ್ವಯಂಸೇವಕ ಹೀಗೆ ಒಂದು ತಂಡದ ಸುತ್ತ ಬೆಳೆದಿದ್ದ ಬಳಗವೇ ಆ ಬಸ್ಸಿನಲ್ಲಿತ್ತು. ಆ ವಾರ ಕೆನಡಾದ ಉದ್ದಗಲಕ್ಕೂ ಜನ ರಾತ್ರಿ ಹೊಸ್ತಿಲ ಹೊರಗೆ ಹಾಕಿ ಸ್ಟಿಕ್ ಒರಗಿಸಿಟ್ಟರು. ಸಂತ್ರಸ್ತ ಕುಟುಂಬಗಳಿಗಾಗಿ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿ ಹಣ ಕೂಡಿತು.

ನಿಮ್ಮ ಮೊಮ್ಮಗನ ಹಸಿರು ಅಂಗಿಯ ಹಿಂದಿರುವುದು ಸತ್ತ ಆಟಗಾರರಲ್ಲಿ ಒಬ್ಬನಾದ ಲೋಗನ್ ಬೂಲೆ. ತನಗೆ ತರಬೇತಿ ಕೊಟ್ಟಿದ್ದವರೊಬ್ಬರು ತೀರಿಕೊಂಡಾಗ ಅವರ ಅಂಗಾಂಗಗಳನ್ನು ದಾನ ಮಾಡಿದ್ದನ್ನು ಕಂಡಿದ್ದ ಆತ, 21 ತುಂಬಿದ ಮೇಲೆ ತಾನೂ ದಾನಿಯಾಗಿ ಹೆಸರು ಬರೆಸಿದ್ದ. ಕೆಲವೇ ವಾರಗಳಲ್ಲಿ ಅಪಘಾತವಾಯಿತು. ಅವನ ಅಂಗಾಂಗಗಳು ಆರು ಜನರಿಗೆ ಸೇರಿದವು. ಸುದ್ದಿ ಹರಡಿದ್ದೇ ತಡ, ಲಕ್ಷಾಂತರ ಮಂದಿ ಅಂಗಾಂಗ ದಾನಕ್ಕೆ ನೋಂದಾಯಿಸಿಕೊಂಡರು. ಏಪ್ರಿಲ್ 7 ಈಗ ಅಲ್ಲಿ ಹಸಿರು ಅಂಗಿಯ ದಿನ. ಹಸಿರು ತಂಡದ ಬಣ್ಣ.

ಭಾರತೀಯರಾದ ನಾವು ಮರೆಯಬಾರದ ಇನ್ನೊಂದು ಸಂಗತಿಯಿದೆ. ಲಾರಿಯ ಚಾಲಕ ಭಾರತದಿಂದ ಹೋದ ತರುಣ, ಆ ಕೆಲಸಕ್ಕೆ ತೀರ ಹೊಸಬ. ವಿಚಾರಣೆ ನಡೆದರೆ ಕುಟುಂಬಗಳ ನೋವು ಹೆಚ್ಚುತ್ತದೆಂದು ಆತ ತಪ್ಪೊಪ್ಪಿಕೊಂಡರು. 2019ರಲ್ಲಿ ಎಂಟು ವರ್ಷಗಳ ಸೆರೆವಾಸ ವಿಧಿಸಲಾಯಿತು. ಮೃತ ಮುಖ್ಯ ಕೋಚ್ ಅವರ ಪತ್ನಿ ನ್ಯಾಯಾಲಯದಲ್ಲಿ ಆತನನ್ನು ಕ್ಷಮಿಸಿದ್ದಾಗಿ ಹೇಳಿದರು. ಕ್ಷಮಿಸಲಾಗದವರೂ ಇದ್ದರು, ಅದನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ಭಾರಿ ಲಾರಿ ಓಡಿಸುವವರಿಗೆ ಆವರೆಗೆ ಕಡ್ಡಾಯ ತರಬೇತಿಯೇ ಇಲ್ಲದಿದ್ದ ಸಸ್ಕಾಚೆವಾನ್‌ನಲ್ಲಿ 2019ರ ಮಾರ್ಚ್‌ನಿಂದ 121.5 ಗಂಟೆಗಳ ತರಬೇತಿ ಕಡ್ಡಾಯವಾಯಿತು. ಈ ನಿಯಮ ಮೊದಲೇ ಬರಬೇಕಿತ್ತು.

ತಂಡ ಈಗಲೂ ಇದೆ, ಅದೇ ಅರೀನಾದಲ್ಲಿ ಆಡುತ್ತಿದೆ. ಅಪಘಾತವಾದ ಐದು ತಿಂಗಳಿಗೆ, 2018ರ ಸೆಪ್ಟೆಂಬರ್ 12ರಂದು, ಹೊಸದಾಗಿ ಕಟ್ಟಿದ ತಂಡ ತವರಿನ ಮಂಜಿಗೆ ಇಳಿದಾಗ ಎದುರಾಳಿ ಮತ್ತೆ ನಿಪಾವಿನ್ ಹಾಕ್ಸ್. ಬದುಕುಳಿದ ಆಟಗಾರರಲ್ಲಿ ಇಬ್ಬರು ಅಂದು ಬ್ರಾಂಕೋಸ್ ಅಂಗಿ ತೊಟ್ಟು ಆಡಿದರು. ಪಂದ್ಯವನ್ನು ನಿಪಾವಿನ್ 2–1ರಿಂದ ಗೆದ್ದಿತು.