ಎನೆ-ಫಾರ್ಮ್ ಬೇಕೋ, ಎಕೋಕ್ಯೂಟ್ ಸಾಕೋ?

ನಮಸ್ಕಾರ. ಜಪಾನಿನ ಸೈತಾಮಾದಲ್ಲಿ ಹಳೆಯ ಮನೆ ತಗೊಂಡಿದ್ದೀರಿ. ಚಾವಣಿ ಮೇಲೆ ಸೋಲಾರ್ ಇದೆ, ಅದರ ಕರೆಂಟನ್ನು ಕಂಪನಿ ನಿಗದಿತ ದರಕ್ಕೆ ಕೊಳ್ಳುವ 10 ವರ್ಷದ ಖರೀದಿ ಅವಧಿ ಮುಗಿದಿದೆ. ಪ್ರೊಪೇನ್ ಗೀಸರ್ ಕೆಟ್ಟಿದೆ. ಮುಂದೇನು ಹಾಕಿಸೋದು ಅಂತ ಕೇಳಿದ್ದೀರಿ. ನನ್ನ ಮತ ಗಾಳಿಯ ಬಿಸಿ ಹೀರಿ ನೀರು ಕಾಯಿಸುವ ಕರೆಂಟ್ ಗೀಸರ್ ಎಕೋಕ್ಯೂಟ್‌ಗೆ, ಅದೂ ಹಗಲಲ್ಲಿ ನೀರು ಕಾಯಿಸುವಂಥದ್ದಕ್ಕೆ.

ಎನೆ-ಫಾರ್ಮ್ ಕೆಟ್ಟದ್ದಲ್ಲ. 2009ರಿಂದ ಮಾರುಕಟ್ಟೆಯಲ್ಲಿದೆ. ಗ್ಯಾಸಿನಿಂದ ಹೈಡ್ರೋಜನ್ ತೆಗೆದು, ಅದನ್ನು ಉರಿಸದೆ ಗಾಳಿಯ ಆಮ್ಲಜನಕದ ಜೊತೆ ಸೇರಿಸುವ ಫ್ಯುಯೆಲ್ ಸೆಲ್‌ನಲ್ಲಿ ಕರೆಂಟ್ ಮಾಡುತ್ತದೆ, ಆಗ ಹುಟ್ಟುವ ಬಿಸಿಯಿಂದ ನೀರು ಕಾಯುತ್ತದೆ. ದೊಡ್ಡ ವಿದ್ಯುತ್ ಸ್ಥಾವರದಲ್ಲಿ ಈ ಬಿಸಿ ಸುಮ್ನೆ ಸಮುದ್ರದ ಪಾಲು. ಬೇಕಾದ ಶಕ್ತಿಯಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಜಾಸ್ತಿ ಹೊರಗಿನಿಂದ ತರಿಸುವ ಜಪಾನಿಗೆ ಈ ಯಂತ್ರ ಹಿಡಿಸಿದ್ದು ಸಹಜವೇ.

ತೊಡಕು ಇರುವುದು ನಮ್ಮ ಸ್ನಾನದಲ್ಲಿ. ಇದರಲ್ಲಿ ಕರೆಂಟೂ ಬಿಸಿಯೂ ಜೋಡಿಯಾಗಿಯೇ ಬರುತ್ತವೆ. ಇಲ್ಲಿನವರು ಸಂಜೆ ಸುಮಾರು 200 ಲೀಟರಿನ ತೊಟ್ಟಿ ತುಂಬಿಸಿ ಮುಳುಗುತ್ತಾರೆ. ಚಳಿಗಾಲದಲ್ಲಿ ನೆಲದಡಿಯೂ ಬಿಸಿನೀರು ಹರಿಸುತ್ತಾರೆ. ನಮ್ಮದು ಒಂದು ಬಕೆಟ್, ಒಂದು ಚೊಂಬು! ಬಿಸಿನೀರು ಖರ್ಚಾಗದೆ ಟ್ಯಾಂಕ್ ತುಂಬಿದರೆ ಒಂದು ಮಾದರಿ ಕರೆಂಟ್ ಮಾಡುವುದನ್ನೇ ನಿಲ್ಲಿಸುತ್ತದೆ. ಹಗಲು ರಾತ್ರಿ ಓಡುವ ಇನ್ನೊಂದು ಮಾದರಿ ಉಳಿದ ಬಿಸಿಯನ್ನು ಗಾಳಿಗೆ ಬಿಡುತ್ತದೆ. ಎರಡರಲ್ಲೂ ದುಬಾರಿ ಯಂತ್ರದ ಲಾಭ ಅರ್ಧಂಬರ್ಧ. ಮೇಲಾಗಿ ನಿಮ್ಮದು ಪ್ರೊಪೇನ್, ಅದರ ದರ ಡೀಲರ್ ಹೇಳಿದ್ದೇ. ನಗರದ ಪೈಪ್ ಗ್ಯಾಸ್ ಇದ್ದು, ದಿನಾ ತೊಟ್ಟಿ ಸ್ನಾನ ಮಾಡುವ ಮನೆಯಾಗಿದ್ದರೆ ನಾನೇ ಎನೆ-ಫಾರ್ಮ್ ಅನ್ನುತ್ತಿದ್ದೆ.

ಇನ್ನು ಎಕೋಕ್ಯೂಟ್. 2001ರಲ್ಲಿ ಬಂದ ಹೀಟ್ ಪಂಪ್ ಇದು. ಹೊರಗಿನ ಗಾಳಿಯ ಬಿಸಿಯನ್ನು ಕಾರ್ಬನ್ ಡೈಆಕ್ಸೈಡ್ ಮೂಲಕ ಹೀರಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಮೂರು ಯೂನಿಟ್ ಬಿಸಿ. ಮೊದಲೆಲ್ಲ ಅಣು ಸ್ಥಾವರಗಳು ರಾತ್ರಿಯೂ ಓಡುತ್ತಿದ್ದವು, ರಾತ್ರಿ ಕರೆಂಟ್ ಅಗ್ಗವಾಗಿತ್ತು. ಅದಕ್ಕೇ ರಾತ್ರಿ ಕಾಯಿಸುವ ರೂಢಿ. 2011ರ ಫುಕುಶಿಮಾ ಅಣು ದುರಂತದ ನಂತರ ಆ ಸ್ಥಾವರಗಳು ನಿಂತು ಆ ಲೆಕ್ಕ ತಲೆಕೆಳಗಾಯಿತು. ಈಗ ಸೋಲಾರ್‌ನಿಂದಾಗಿ ಮಧ್ಯಾಹ್ನವೇ ಕರೆಂಟ್ ಜಾಸ್ತಿ. ದಕ್ಷಿಣದ ಕ್ಯೂಶು ದ್ವೀಪದಲ್ಲಿ 2018ರ ಅಕ್ಟೋಬರ್‌ನಿಂದ ಕೆಲವು ದಿನ ಸೋಲಾರ್ ಉತ್ಪಾದನೆಯನ್ನೇ ತಗ್ಗಿಸುತ್ತಿದ್ದಾರೆ.

ನಿಮ್ಮ ಮನೆಯ ಲೆಕ್ಕ ನೋಡಿ. 200 ಲೀಟರ್ ನೀರನ್ನು 10ರಿಂದ 50 ಡಿಗ್ರಿಗೆ ಏರಿಸಲು ಸುಮಾರು 9 ಯೂನಿಟ್ ಬಿಸಿ ಬೇಕು. ಹೀಟ್ ಪಂಪಿಗೆ 3 ಯೂನಿಟ್ ಕರೆಂಟ್ ಸಾಕು. ಖರೀದಿ ಅವಧಿ ಮುಗಿದ ಸೋಲಾರ್ ಕರೆಂಟನ್ನು ಯೂನಿಟ್‌ಗೆ 8 ಯೆನ್ ಆಸುಪಾಸಿಗೆ ಮಾರುತ್ತೀರಿ, ಕೊಳ್ಳುವಾಗ 30 ದಾಟುತ್ತದೆ. ಮಾರುವ ಬದಲು ನೀರು ಕಾಯಿಸಿಕೊಳ್ಳಿ. ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಈ ಟ್ಯಾಂಕ್ ತುಂಬಲಿ. ಮಧ್ಯಾಹ್ನ ಗಾಳಿಯೂ ಬೆಚ್ಚಗಿರುವುದರಿಂದ ಪಂಪಿಗೆ ಶ್ರಮ ಕಡಿಮೆ. ಕಾದ ನೀರು ಸಂಜೆಯೊಳಗೆ ಹೆಚ್ಚು ಆರುವುದೂ ಇಲ್ಲ.

ಹಗಲಲ್ಲೇ ಕಾಯಿಸಲೆಂದು ಮಾಡಿದ ಮಾದರಿ 2022ರಿಂದ ಸಿಗುತ್ತಿದೆ. ಕರೆಂಟ್ ಪ್ಲಾನ್ ಮಾತ್ರ ಗಮನಿಸಿ. ರಾತ್ರಿ ಅಗ್ಗ ಇರುವ ಹಳೆಯ ಪ್ಲಾನ್ ಇಟ್ಟುಕೊಂಡರೆ ಮಳೆ ದಿನ ಹಗಲಿನ ದುಬಾರಿ ಕರೆಂಟ್ ಕೊಳ್ಳಬೇಕಾಗುತ್ತದೆ.

ನಿಮ್ಮ ನಾಲ್ಕು ಜನಕ್ಕೆ 370 ಲೀಟರ್ ಸಾಕು. ಊರಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವುದಾದರೆ 460 ನೋಡಿ. ತುಂಬಿದ ಟ್ಯಾಂಕ್ 400 ಕಿಲೋ ದಾಟುತ್ತದೆ, ಹಾಗಾಗಿ ಕಾಂಕ್ರೀಟ್ ಕಟ್ಟೆ, ಆಂಕರ್ ಬೋಲ್ಟ್ ವಿಷಯದಲ್ಲಿ ಚೌಕಾಸಿ ಬೇಡ, ಭೂಕಂಪದ ನಾಡು ಅಲ್ವಾ. ನೀರು ನಿಂತ ದಿನ ತುರ್ತು ನಲ್ಲಿಯಿಂದ ಈ ನೀರು ತೆಗೆದು ಶೌಚಕ್ಕೆ ಬಳಸಬಹುದು, ಹಾಗೇ ಕುಡಿಯಬೇಡಿ. ಪಂಪನ್ನು ಪಕ್ಕದ ಮನೆಯವರ ಮಲಗುವ ಕೋಣೆ ಕಡೆ ಇಡಿಸಬೇಡಿ. ಅದರ ಗುಂಯ್ ಸದ್ದಿಗೆ ಜಗಳಗಳೇ ಆಗಿವೆ.

ಒಲೆಗೆ ಮಾತ್ರ ಪ್ರೊಪೇನ್ ಉಳಿಸಿಕೊಂಡರೆ ಪ್ರತಿ ತಿಂಗಳು ಮೂಲ ಶುಲ್ಕ ತಪ್ಪದು. ಇಂಡಕ್ಷನ್‌ಗೆ ಬನ್ನಿ. ಚಪ್ಪಟೆ ಕಬ್ಬಿಣದ ಕಾವಲಿಯಲ್ಲಿ ದೋಸೆ ಚೆನ್ನಾಗೇ ಏಳುತ್ತದೆ. ಫುಲ್ಕಾಕ್ಕೆ ಸಣ್ಣ ಗ್ಯಾಸ್ ಡಬ್ಬಿ ಹಾಕುವ ಕ್ಯಾಸೆಟ್ ಸ್ಟೌ ಇಟ್ಟುಕೊಳ್ಳಿ.

ಸರ್ಕಾರ 2023ರಿಂದ ಎಕೋಕ್ಯೂಟ್‌ಗೂ ಎನೆ-ಫಾರ್ಮ್‌ಗೂ ಸಹಾಯಧನ ಕೊಡುತ್ತಿದೆ, ಮೊತ್ತ ವರ್ಷಕ್ಕೊಂದು ಥರ. ಅರ್ಜಿ ಹಾಕಬೇಕಾದವರು ನೋಂದಾಯಿತ ಗುತ್ತಿಗೆದಾರರು, ನಾವಲ್ಲ. ಕೊಟೇಶನ್ ಕೇಳುವಾಗಲೇ ನೋಂದಣಿ ಇದೆಯಾ ಅಂತ ವಿಚಾರಿಸಿ.