8 ಇಂಚಿನ ವೂಫರ್‌ಗೆ (ಬೇಸ್ ಕೊಡೋ ಸ್ಪೀಕರ್) ಚಿಕ್ಕ ಬಾಕ್ಸ್ ಮಾಡಿದ್ರೆ ಬೇಸ್ ಯಾಕೆ ಗುಂಯ್ ಅನ್ನುತ್ತೆ?

ಬಾಕ್ಸ್ ಒಳಗಿರೋ ಗಾಳಿ ಸ್ಪ್ರಿಂಗ್ ಥರ ಕೆಲಸ ಮಾಡುತ್ತೆ, ಬಾಕ್ಸ್ ಚಿಕ್ಕದಾದಷ್ಟೂ ಆ ಸ್ಪ್ರಿಂಗ್ ಬಿಗಿಯಾಗಿ ವೂಫರ್ ರೆಸೋನೆನ್ಸ್ (ಅದು ತಾನಾಗೇ ಕಂಪಿಸೋ ಫ್ರೀಕ್ವೆನ್ಸಿ) ಮೇಲಕ್ಕೆ ಹೋಗುತ್ತೆ, ಆಗ ಆಳದ ಬೇಸ್ ಕಮ್ಮಿಯಾಗಿ ಅದರ ಮೇಲಿನ ಭಾಗ ಉಬ್ಬಿಕೊಂಡು ಎಲ್ಲಾ ಹಾಡಲ್ಲೂ ಒಂದೇ ಸ್ವರ ಗುಂಯ್ ಅಂತಿರುತ್ತೆ. ಸೀಲ್ಡ್ ಬಾಕ್ಸ್ (ಪೂರ್ತಿ ಮುಚ್ಚಿದ್ದು) ಆದ್ರೆ ಕ್ಯೂಟಿಸಿ (ಬಾಕ್ಸ್‌ನಲ್ಲಿ ಕೂತ ವೂಫರ್ ರೆಸೋನೆನ್ಸ್ ಹತ್ರ ಎಷ್ಟು ಉಬ್ಬುತ್ತೆ ಅನ್ನೋ ಅಳತೆ) 0.707 ಹತ್ರ ಬರೋ ಹಾಗೆ ಸೈಜ್ ಇಡಿ, ಉಬ್ಬು ಇರಲ್ಲ.

ಪೋರ್ಟ್ (ಗಾಳಿ ಹೋಗಿಬರೋ ಪೈಪ್) ಇರೋ ಬಾಕ್ಸಲ್ಲಿ ಟ್ಯೂನ್ ಮಾಡಿದ ಫ್ರೀಕ್ವೆನ್ಸಿ ಹತ್ರ ವೂಫರ್‌ನ ಅಲುಗೋ ಕೋನ್‌ಗಿಂತ ಪೈಪೇ ಜಾಸ್ತಿ ಸದ್ದು ಕೊಡುತ್ತೆ, ಅದರ ಕೆಳಗೆ ಹೋದ್ರೆ ಕೋನ್‌ಗೆ ಹಿಡಿತ ತಪ್ಪಿ ಸುಮ್ನೆ ಓಲಾಡುತ್ತೆ, ಬೇಸ್ ಆಕ್ಟೇವ್‌ಗೆ 24 ಡಿಬಿ ಬೀಳುತ್ತೆ (ಸೀಲ್ಡ್‌ನಲ್ಲಿ 12 ಅಷ್ಟೆ). ಮೃದಂಗ, ತಬಲಾ ಕೇಳೋಕೆ ನನಗಂತೂ ಸೀಲ್ಡೇ ಇಷ್ಟ. ಪ್ಲೈವುಡ್ ಕೊಯ್ಯೋಕೆ ಮುಂಚೆ ದಯವಿಟ್ಟು ವೂಫರ್‌ನ ಎಫ್‌ಎಸ್ (ಬಾಕ್ಸ್ ಇಲ್ಲದಾಗಿನ ರೆಸೋನೆನ್ಸ್), ಕ್ಯೂಟಿಎಸ್ (ಆ ರೆಸೋನೆನ್ಸ್ ಎಷ್ಟು ಹಿಡಿತದಲ್ಲಿದೆ ಅನ್ನೋ ಅಳತೆ), ವಿಎಎಸ್ (ಕೋನ್ ಹಿಡಿದಿರೋ ಭಾಗದಷ್ಟೇ ಬಿಗಿಯಿರೋ ಗಾಳಿಯ ಪ್ರಮಾಣ) ನೋಡಿ ಲೆಕ್ಕ ಹಾಕಿ.