ಓಕ್ ರಿಡ್ಜ್ ಬಗ್ಗೆ ಕೇಳಿದ ಕಲಬುರಗಿಯ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಪಿಡಿಎ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿದ್ದೀಯ, ನಾಕ್ಸ್‌ವಿಲ್‌ನ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಎಂಎಸ್ ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ಹೊರಡುತ್ತೀಯ. ಅಲ್ಲಿಂದ 40 ಕಿಲೋಮೀಟರ್ ದೂರದ ಓಕ್ ರಿಡ್ಜ್‌ನಲ್ಲಿ ಹಳೆಯ ಅಣು ಸ್ಥಾವರದ ಜಾಗಕ್ಕೆ ಹೊಸ ಕಾರ್ಖಾನೆಗಳು ಬರುತ್ತಿವೆಯಂತೆ, ಅಲ್ಲಿ ಕೆಲಸ ಸಿಗುತ್ತಾ ಎಂದು ಕೇಳಿದ್ದೀಯ. ಅಲ್ಲಿ ಇರುವುದು ಅಪಾಯವಾ ಅಂತಲೂ ಕೇಳಿದ್ದೀಯ. ನಿಮ್ಮ ಅವ್ವ 'ವಿಷದ ನೆಲದ ಮ್ಯಾಲ ಯಾಕ್ ಇರ್ತಿ' ಎಂದು ಅಳುತ್ತಿದ್ದಾರಂತೆ.

ನಾನು ಈಗ ಓಕ್ ರಿಡ್ಜ್‌ನಿಂದ ರಜೆಗೆ ಶಹಾಪುರಕ್ಕೆ ಬಂದಿದ್ದೇನೆ. ಮಾಳಿಗೆ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಎದುರಿಗೆ ಮಲಗಿದ ಬುದ್ಧನ ಗುಡ್ಡ. ನಿನ್ನೆ ಇಲ್ಲೇ ಹತ್ತಿರದ ಗೋಗಿ ಊರಿಗೆ ಹೋಗಿ ಬಂದೆ. ಅದರ ಮಾತು ಕೊನೆಗೆ ಬರುತ್ತೆ.

ಮೊದಲು ಒಂದು ತಿದ್ದುಪಡಿ. ನೀನು ಹೇಳುವ ಜಾಗ ಕರೆಂಟ್ ಮಾಡುವ ಸ್ಥಾವರ ಆಗಿರಲಿಲ್ಲ. ಅದರ ಹೆಸರು ಕೆ-25. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸಲು ಕಟ್ಟಿದ ಕಾರ್ಖಾನೆ. ನೆಲದಿಂದ ತೆಗೆದ ಯುರೇನಿಯಂ ಸಾವಿರ ಪಾಲಿದ್ದರೆ ಅದರಲ್ಲಿ ಕೆಲಸಕ್ಕೆ ಬರುವ 235ನೇ ಬಗೆ ಏಳೇ ಪಾಲು. ಅದು ಉಳಿದದ್ದಕ್ಕಿಂತ ಒಂಚೂರು ಹಗುರ, ಅಷ್ಟೇ ವ್ಯತ್ಯಾಸ. ಯುರೇನಿಯಂ ಅನ್ನು ಅನಿಲ ಮಾಡಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ಪೊರೆಗಳ ಮೂಲಕ ತಳ್ಳುತ್ತಿದ್ದರು. ಹಗುರವಾದದ್ದು ಸ್ವಲ್ಪ ಬೇಗ ದಾಟುತ್ತೆ. ಜರಡಿ ಹಿಡಿದ ಹಾಗೆ ಅಂದುಕೋ. ಆದರೆ ಒಂದು ಜರಡಿ ಅಲ್ಲ, ಸುಮಾರು 3,000 ಹಂತ. ಅದಕ್ಕೇ ಕಟ್ಟಡ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಒಂದು ಮೈಲಿ ಉದ್ದ ಆಯಿತು. 44 ಎಕರೆ ಒಂದೇ ಸೂರಿನಡಿ. ಆಗ ಜಗತ್ತಿನಲ್ಲಿ ಅಷ್ಟು ದೊಡ್ಡ ಕಟ್ಟಡ ಇನ್ನೊಂದು ಇರಲಿಲ್ಲ.

ಆ ನೆಲವೂ ಖಾಲಿ ಇರಲಿಲ್ಲ. 1942ರಲ್ಲಿ ಸರ್ಕಾರ ಸುಮಾರು 59,000 ಎಕರೆ ತೆಗೆದುಕೊಂಡಿತು. ವೀಟ್, ಎಲ್ಜಾ, ರಾಬರ್ಟ್ಸ್‌ವಿಲ್, ಸ್ಕಾರ್ಬರೋ ಎಂಬ ಹಳ್ಳಿಗಳಿಂದ ಸುಮಾರು 3,000 ಜನ ಎದ್ದು ಹೋದರು. ಕೆಲವರ ಮನೆ ಬಾಗಿಲಿಗೆ ನೋಟಿಸ್ ಹೊಡೆದು ಕೆಲವೇ ವಾರ ಗಡುವು ಕೊಟ್ಟಿದ್ದರು. ಯಾಕೆ ಎಂದು ಯಾರೂ ಹೇಳಲಿಲ್ಲ. ನನ್ನ ಅವ್ವನ ತವರು ನಾರಾಯಣಪುರ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ್ದು. ಹಾಗಾಗಿ ಈ ಕತೆ ಮೊದಲ ಸಲ ಕೇಳಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ವೀಟ್ ಊರಿನ ಒಂದು ಚರ್ಚು ಮಾತ್ರ ಇವತ್ತಿಗೂ ಗುಡ್ಡದ ಮೇಲೆ ನಿಂತಿದೆ. ಪ್ರತಿ ಅಕ್ಟೋಬರ್‌ನಲ್ಲಿ ಆ ಊರಿನವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸೇರುತ್ತಾರೆ. ನಾನೂ ಎರಡು ಸಲ ಹೋಗಿದ್ದೇನೆ. ಊರೇ ಇಲ್ಲದ ಊರಿನ ಜಾತ್ರೆ ಅದು.

ಕಾರ್ಖಾನೆ 1985ರಲ್ಲಿ ಕೆಲಸ ನಿಲ್ಲಿಸಿತು, 1987ರಲ್ಲಿ ಬಾಗಿಲು ಹಾಕಿತು. ನಾನು 2006ರಲ್ಲಿ ಬಂದಾಗ ಕಟ್ಟಡ ಇನ್ನೂ ನಿಂತಿತ್ತು. ಹೆದ್ದಾರಿಯಿಂದ ನೋಡಿದರೆ ಬೂದು ಬಣ್ಣದ ಗೋಡೆ, ಮುಗಿಯುವುದೇ ಇಲ್ಲ. 2008ರ ಡಿಸೆಂಬರ್‌ನಲ್ಲಿ ಕೆಡವಲು ಶುರು ಮಾಡಿದರು, 2013ರ ಡಿಸೆಂಬರ್‌ನಲ್ಲಿ ಮುಗಿಯಿತು. ಒಂದೇ ಕಟ್ಟಡಕ್ಕೆ ಐದು ವರ್ಷ! ಯಾಕೆ ಗೊತ್ತಾ? ಮೈಲಿಗಟ್ಟಲೆ ಪೈಪಿನೊಳಗೆ ಯುರೇನಿಯಂ ಅಂಟಿಕೊಂಡಿತ್ತು. ಒಂದೊಂದು ತುಂಡನ್ನೂ ಅಳೆದು, ಎಷ್ಟಿದೆ ಎಂದು ಬರೆದು, ಆಮೇಲೆ ಕತ್ತರಿಸಬೇಕು. ಕೊನೆಯ ಒಂದು ಭಾಗದಲ್ಲಿ ಟೆಕ್ನೀಷಿಯಂ-99 ಸಿಕ್ಕಿತು. ಅದು ನೀರಿನ ಜೊತೆ ಸುಲಭವಾಗಿ ಹರಿದು ಹೋಗುವ ವಸ್ತು, ಹಾಗಾಗಿ ಅಲ್ಲಿ ಕೆಲಸ ಇನ್ನೂ ನಿಧಾನವಾಯಿತು. ಅವಶೇಷದ ಬಹುಪಾಲು ಅಲ್ಲೇ ಹತ್ತಿರದ ಕಣಿವೆಯಲ್ಲಿ, ಅದಕ್ಕೆಂದೇ ಕಟ್ಟಿದ ಗುಂಡಿಗೆ ಹೋಯಿತು. ಜಾಸ್ತಿ ಅಪಾಯದ್ದು ನೆವಾಡಾ ಮರುಭೂಮಿಗೆ ಹೋಯಿತು. 2016ರಲ್ಲಿ ಅದೇ ಆವರಣದ ಕೆ-27 ಬಿದ್ದಾಗ, ಕೆ-25 ಸೇರಿ ಯುರೇನಿಯಂ ಬೇರ್ಪಡಿಸುವ ಐದೂ ದೊಡ್ಡ ಕಟ್ಟಡ ನೆಲಸಮವಾದವು. 2020ರ ಹೊತ್ತಿಗೆ ಇಡೀ ಆವರಣದಲ್ಲಿ 500ಕ್ಕೂ ಹೆಚ್ಚು ಕಟ್ಟಡ ಹೋಗಿದ್ದವು.

ನಿನಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಊರಿನ ಕೆಲಸ ಎಂದರೆ ಹೊಸ ರಿಯಾಕ್ಟರ್ ಮಾತ್ರ ಅಂದುಕೊಂಡಿದ್ದೀಯ. ಆ ಊರು ಇಷ್ಟು ವರ್ಷ ಉಂಡದ್ದು ಹೆಚ್ಚಾಗಿ ತೊಳೆಯುವ ಕೆಲಸದಿಂದ. ಅಳೆಯುವವರು, ಕತ್ತರಿಸುವವರು, ಲಾರಿ ಓಡಿಸುವವರು, ನೀರು ಪರೀಕ್ಷೆ ಮಾಡುವವರು, ಸಾವಿರಾರು ಮನೆ ನಡೆದವು. ನಿಮ್ಮ ಪಕ್ಕದ ಶಹಾಬಾದ್ ನೆನೆಸಿಕೋ. ಹಳೆಯ ಸಿಮೆಂಟ್ ಕಾರ್ಖಾನೆ ನಿಂತ ಮೇಲೆ ಕ್ವಾರ್ಟರ್ಸ್ ಪಾಳು ಬಿದ್ದವು, ಕಲ್ಲಿನ ಗಣಿಗಳಲ್ಲಿ ನೀರು ನಿಂತಿತು, ಹುಡುಗರು ಹೈದರಾಬಾದ್, ಪುಣೆ ಬಸ್ ಹತ್ತಿದರು. ಓಕ್ ರಿಡ್ಜ್‌ನಲ್ಲಿ ಹೊಲಸು ಮಾಡಿದವರೇ, ಅಂದರೆ ಸರ್ಕಾರವೇ, ತೊಳೆಯಲೇಬೇಕು ಎಂದು ಕಾನೂನು ಕಟ್ಟಿಹಾಕಿತು. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು.

ತೊಳೆದ ಜಮೀನನ್ನು ತುಂಡು ತುಂಡಾಗಿ ಊರಿನ ಒಂದು ಸಂಸ್ಥೆಗೆ ಕೊಟ್ಟರು. ಅವರು ಕೈಗಾರಿಕೆಗಳನ್ನು ಕರೆದರು. ಬರುವವರಿಗೆ ಏನು ಲಾಭ ನೋಡು. ಕಾರ್ಖಾನೆಯ ಕಾಲದ ದೊಡ್ಡ ವಿದ್ಯುತ್ ಮಾರ್ಗಗಳ ಜಾಲ, ಕ್ಲಿಂಚ್ ನದಿಯ ನೀರು, ರೈಲು, ಮತ್ತು ಅಣು ಎಂದರೆ ಬೆಚ್ಚಿ ಬೀಳದ ಜನ. ಕೈರೋಸ್ ಪವರ್ ಎಂಬ ಕಂಪನಿ, ಕೆಡವಿದ ಕೆ-33 ಕಟ್ಟಡದ ಜಾಗದಲ್ಲಿ ಹರ್ಮೀಸ್ ಎಂಬ ಪ್ರಯೋಗದ ರಿಯಾಕ್ಟರ್ ಕಟ್ಟುತ್ತಿದೆ. ಅದನ್ನು ತಂಪು ಮಾಡುವುದು ನೀರಲ್ಲ, ಕರಗಿದ ಫ್ಲೋರೈಡ್ ಉಪ್ಪು. ಅದಕ್ಕೆ 2023ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ನೀರು ಬಳಸದ ರಿಯಾಕ್ಟರ್ ಒಂದಕ್ಕೆ ಅಮೆರಿಕದಲ್ಲಿ 50 ವರ್ಷಗಳ ನಂತರ ಸಿಕ್ಕ ಅನುಮತಿ ಅದು. ಹರ್ಮೀಸ್ 35 ಮೆಗಾವಾಟ್ ಶಾಖ ಕೊಡುತ್ತೆ, ಕರೆಂಟ್ ಅಲ್ಲ. ಕರೆಂಟ್ ಬರಬೇಕಾದದ್ದು ಹರ್ಮೀಸ್-2ರಿಂದ. ಅದರ 50 ಮೆಗಾವಾಟ್ ಅನ್ನು ಟಿವಿಎ ಎಂಬ ಅಲ್ಲಿಯ ಸರ್ಕಾರಿ ವಿದ್ಯುತ್ ಸಂಸ್ಥೆ ಕೊಳ್ಳುತ್ತೆ, ಗೂಗಲ್‌ನ ಡೇಟಾ ಸೆಂಟರ್‌ಗಳಿಗಾಗಿ. 2025ರ ಆಗಸ್ಟಿನಲ್ಲಿ ಆ ಒಪ್ಪಂದ ಹೊರಬಂತು. ಫ್ರಾನ್ಸಿನ ಒರಾನೋ ಕಂಪನಿ ಯುರೇನಿಯಂ ಸಂವರ್ಧನೆಯ, ಅಂದರೆ ಆ 235ರ ಪಾಲು ಹೆಚ್ಚಿಸುವ, ಹೊಸ ಘಟಕಕ್ಕೆ 2024ರಲ್ಲಿ ಓಕ್ ರಿಡ್ಜನ್ನೇ ಆರಿಸಿಕೊಂಡಿತು. ಎಕ್ಸ್-ಎನರ್ಜಿಯವರ ಇಂಧನ ಘಟಕವೂ ಇದೇ ಊರಲ್ಲಿ. ಹಳೆ ಕಸುಬು ಹೊಸ ಯಂತ್ರದಲ್ಲಿ ವಾಪಸ್ ಬರುತ್ತಿದೆ.

ಈಗ ನಿನ್ನ ಕೆಲಸದ ಮಾತು. ಬೇಸರ ಮಾಡಿಕೊಳ್ಳಬೇಡ, ನೇರವಾಗಿ ಹೇಳುತ್ತೇನೆ. ಸ್ಟೂಡೆಂಟ್ ವೀಸಾದ ಮೇಲೆ ಬಂದವನಿಗೆ ಆ ಅಣು ಕೆಲಸದ ಜಾಗಗಳ ಬೇಲಿಯ ಒಳಗೆ ಹೋಗುವುದು ಬಹಳ ಕಷ್ಟ. ರಹಸ್ಯ ಕೆಲಸಗಳಿಗೆ ಪೌರತ್ವವೇ ಬೇಕು. ರಹಸ್ಯ ಅಲ್ಲದ ರಿಯಾಕ್ಟರ್ ಕೆಲಸಕ್ಕೂ 810 ಎಂಬ ನಿಯಮ ಇದೆ. ಹೊರದೇಶದವನಿಗೆ ನಕ್ಷೆ ತೋರಿಸಿದರೂ ಅದು ತಂತ್ರಜ್ಞಾನ ರಫ್ತು ಮಾಡಿದ ಲೆಕ್ಕ. ಆ ತಲೆನೋವು ಬೇಡ ಎಂದು ಎಷ್ಟೋ ಕಂಪನಿ ನಿನ್ನ ಅರ್ಜಿ ತೆರೆಯುವುದೂ ಇಲ್ಲ. ಅದು ನಿನ್ನ ಅರ್ಹತೆಯ ಪ್ರಶ್ನೆ ಅಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬೇಲಿಯ ಹೊರಗೆ ಮಾತ್ರ ಜಾಗ ಇದೆ. ನಾನು 19 ವರ್ಷದಿಂದ ಒಂದು ಮಷೀನ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಮಾಡುತ್ತೇನೆ. ವಾಲ್ವ್, ಫ್ಲ್ಯಾಂಜ್, ಪಂಪಿನ ಭಾಗಗಳು. ಒಂದು ಭಾಗದ ಉಕ್ಕು ಯಾವ ಕುಲುಮೆಯಿಂದ ಬಂತು, ಯಾರು ವೆಲ್ಡ್ ಮಾಡಿದರು, ಯಾರು ಅಳೆದರು, ಎಲ್ಲಕ್ಕೂ ಕಾಗದ ಬೇಕು. ಆ ಶಿಸ್ತಿಗೆ ಎನ್‌ಕ್ಯೂಎ-1 ಅಂತಾರೆ. ಈಗಲೇ ಅದನ್ನು ಓದು. ಜೊತೆಗೆ ವೆಲ್ಡಿಂಗ್ ಪರೀಕ್ಷೆ, ಅಳತೆಯ ವಿದ್ಯೆ, ಸಿಎನ್‌ಸಿ ಚೆನ್ನಾಗಿ ಕಲಿ. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ತ್ರೀಡಿ ಪ್ರಿಂಟಿಂಗ್ ಕೇಂದ್ರ ನಿನ್ನ ವಿಶ್ವವಿದ್ಯಾಲಯದ ಜೊತೆ ಕೆಲಸ ಮಾಡುತ್ತೆ. ಅಲ್ಲಿ ಹೊರದೇಶದ ವಿದ್ಯಾರ್ಥಿಗಳೂ ಇದ್ದಾರೆ. ಪರಿಶೀಲನೆಗೆ ತಿಂಗಳುಗಳೇ ಹಿಡಿಯಬಹುದು, ಮೊದಲ ಸೆಮಿಸ್ಟರಿನಲ್ಲೇ ಪ್ರೊಫೆಸರ್ ಹತ್ತಿರ ಕೇಳು.

ಓದು ಮುಗಿದ ಮೇಲೆ ನಿನಗೆ ಒಟ್ಟು 36 ತಿಂಗಳು ಕೆಲಸದ ಅನುಮತಿ, ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಚೀಟಿ ಎತ್ತುವುದು. ವರ್ಷಕ್ಕೆ 85,000 ಸೀಟು. ಆ ವೀಸಾದ ಮೇಲೆ ಇರುವಾಗ ಕೆಲಸ ಹೋದರೆ ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ. ಸಾಲ ಮಾಡುವಾಗ ಈ ಲೆಕ್ಕ ಎದುರಿಗಿಟ್ಟುಕೋ. ತೊಗರಿ ಹೊಲ ಒತ್ತೆ ಇಡುವುದಾದರೆ ಇನ್ನೊಮ್ಮೆ ಯೋಚಿಸು. ನಾನು ಮೊದಲು ಸೇರಿದ ಒಂದು ಚಿಕ್ಕ ಕಂಪನಿ 'ಗ್ರೀನ್ ಕಾರ್ಡ್ ಅರ್ಜಿ ಹಾಕ್ತೀವಿ' ಎನ್ನುತ್ತಾ ಒಂದೂವರೆ ವರ್ಷ ಬಾಯಿಮಾತಲ್ಲೇ ಕಳೆಯಿತು. ಏನೇ ಇದ್ದರೂ ಬರಹದಲ್ಲಿ ಕೇಳು.

ಅಪಾಯದ ಮಾತು. ನನ್ನ ಇಬ್ಬರು ಮಕ್ಕಳು ಅದೇ ಊರಲ್ಲಿ ಹುಟ್ಟಿ ಬೆಳೆದಿದ್ದಾರೆ, ಅವ್ವನಿಗೆ ಮೊದಲು ಅದನ್ನು ಹೇಳು. ನಿನ್ನ ಮನೆ ಇರುವುದು ನಾಕ್ಸ್‌ವಿಲ್‌ನಲ್ಲಿ. ಅಲ್ಲಿ ನಿನಗೆ ಜಾಸ್ತಿ ಅಪಾಯ ಇರುವುದು ರಸ್ತೆಯಲ್ಲಿ. ಆದರೆ ಏನೂ ಇಲ್ಲ ಎಂದು ಸುಮ್ನೆ ಹೇಳುವುದಿಲ್ಲ. ಕೆ-25 ನೆಲ ಕಾರ್ಖಾನೆ ಕಟ್ಟುವಷ್ಟು ಶುದ್ಧ, ಮನೆ ಕಟ್ಟಲು ಬಿಡುವುದಿಲ್ಲ. ಅಂತರ್ಜಲದ ಕೆಲಸ ಇನ್ನೂ ಇದೆ. ಅದೇ ಊರಿನ ವೈ-12 ಎಂಬ ಇನ್ನೊಂದು ಕಾರ್ಖಾನೆಯಿಂದ ಹಿಂದೆ ಪಾದರಸ ಸೇರಿದ ಹಳ್ಳ ಒಂದಿದೆ, ಈಸ್ಟ್ ಫೋರ್ಕ್ ಪೋಪ್ಲರ್ ಕ್ರೀಕ್. ಅದರ ಮೀನು ತಿನ್ನಬೇಡಿ ಎಂದು ಬೋರ್ಡು ಹಾಕಿದ್ದಾರೆ. ನನ್ನ ಪಕ್ಕದ ಮನೆಯ ಅಜ್ಜ ಕೆ-25ರಲ್ಲಿ ದುಡಿದವರು, ಕ್ಯಾನ್ಸರ್‌ನಿಂದ ಹೋದರು. 2000ದ ಕಾನೂನಿನಂತೆ ಅವರ ಮನೆಯವರಿಗೆ 1,50,000 ಡಾಲರ್ ಪರಿಹಾರ ಬಂತು. ಆ ಅಜ್ಜಿ ಚೆಕ್ ತೋರಿಸಿ ಏನೂ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಬದುಕಿನ ಉಳಿದ ವಿಷಯ ಸರಳ. ಕಾರು ಇಲ್ಲದೆ ಅಲ್ಲಿ ಕಾಲಿಲ್ಲದ ಹಾಗೆ. ಗುಡಿ ಲೆನಾಯರ್ ಸಿಟಿಯಲ್ಲಿದೆ. ಜನ ಒಳ್ಳೆಯವರು, ನಿಧಾನವಾಗಿ ಮಾತಾಡುತ್ತಾರೆ, ಎರಡು ವಾರದಲ್ಲಿ ಅವರ ಇಂಗ್ಲಿಷ್ ಕಿವಿಗೆ ಹತ್ತುತ್ತೆ. ಜೋಳದ ಹಿಟ್ಟು ಸಿಗುತ್ತೆ, ನಮ್ಮ ಬಿಳಿ ಜೋಳದ ರುಚಿ ಇಲ್ಲ. ಆದರೆ ಅಲ್ಲಿಯ ರೈತರು ಸಿಹಿ ಜೋಳದ ದಂಟು ಅರೆದು ಕಾಕಂಬಿ ಕಾಯಿಸುತ್ತಾರೆ. ಶರದೃತುವಿನಲ್ಲಿ ಆ ಹೊಗೆಯ ವಾಸನೆ ಬಂದಾಗ ನನಗೆ ಆಲೆಮನೆ ನೆನಪಾಗಿ ಕಾರು ನಿಲ್ಲಿಸುತ್ತೇನೆ.

ಇನ್ನು ಗೋಗಿ. ಅಲ್ಲಿ ಆದಿಲ್ ಶಾಹಿ ಸುಲ್ತಾನರ ಗೋರಿಗಳಿವೆ, ದರ್ಗಾ ಇದೆ, ನೆಲದಡಿ ಯುರೇನಿಯಂ ಇದೆ. ಪರೀಕ್ಷೆಗೆಂದು ಗಣಿ ತೋಡಿದಾಗ ಊರವರು ಎದ್ದು ನಿಂತಿದ್ದರು. ನಿನ್ನೆ ಅಲ್ಲಿ ಚಹಾದಂಗಡಿಯಲ್ಲಿ ನಾನು ಎಲ್ಲಿರುವುದು ಎಂದು ತಿಳಿದ ಮೇಲೆ ಒಬ್ಬ ಹಿರಿಯರು ಕೇಳಿದರು: 'ಅಲ್ಲಿ ತೆಗೆದ ಮ್ಯಾಲ ತೊಳೆಯೋರು ಯಾರು?' ನಾನು ಕೆ-25 ಕತೆ ಪೂರ್ತಿ ಹೇಳಿದೆ, 1942ರ ನೋಟಿಸ್‌ನಿಂದ 2020ರ ವರೆಗೆ. ಎಷ್ಟು ವರ್ಷ ಆಯ್ತು ಎಂದು ಅವರು ಬೆರಳು ಮಡಿಸಿ ಎಣಿಸಿದರು. ಬಾಗಿಲು ಹಾಕಿದ ಮೇಲೇ 33 ವರ್ಷ. 'ಹಂಗಾದ್ರ ಮೊದಲ ಬರದು ಕೊಡ್ಲಿ' ಎಂದರು. ಆ ಪ್ರಶ್ನೆಯನ್ನು ನೀನೂ ನಿನ್ನ ಓದಿನ ಜೊತೆ ಒಯ್ಯಬೇಕು ಎಂದು ನನ್ನ ಆಸೆ. ಅಲ್ಲಿ ತೊಳೆಯುವ ಕೆಲಸ ಕಲಿತ ನಮ್ಮ ಕಡೆಯ ಎಂಜಿನಿಯರ್ ಒಬ್ಬ ಇದ್ದರೆ ಆ ಹಿರಿಯರಿಗೆ ನನಗಿಂತ ಚೆನ್ನಾಗಿ ಉತ್ತರ ಕೊಡುತ್ತಿದ್ದ.

ನಾನು ಸೆಪ್ಟೆಂಬರ್ ಮೊದಲ ವಾರ ವಾಪಸ್ ಹೋಗುತ್ತೇನೆ. ಶೇಂಗಾ ಹಿಂಡಿ, ಖಡಕ್ ರೊಟ್ಟಿ ಬ್ಯಾಗಿನಲ್ಲಿ ತರಬಹುದು, ಆದರೆ ಇಳಿದಾಗ ತಿನ್ನುವ ಸಾಮಾನು ಇದೆ ಎಂದು ಕಸ್ಟಮ್ಸ್‌ನವರಿಗೆ ತಪ್ಪದೆ ಹೇಳು. ಅಕ್ಟೋಬರ್‌ನಲ್ಲಿ ವೀಟ್ ಊರಿನವರು ಸೇರುವ ದಿನ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ಚರ್ಚಿನ ಹತ್ತಿರ ನಿಂತರೆ ಹಳೆ ಕಾರ್ಖಾನೆಯ ಬಯಲು ದೂರ ಇಲ್ಲ.